ಎತ್ತಿಗೆ ಕಣ್ಣಿತ್ತು: ಕ್ರೂಸ್ ಕಂಟ್ರೋಲಿನ ಹಿಂದಿನ ಕಥೆ

ಹೋದ ವರ್ಷ ಹೊಗೆಸೊಪ್ಪಿನ ಹರಾಜು ನಡೆಯುವ ಕಾಲ. ಭಾವನ ಹೊಸ ಕಾರಿನಲ್ಲಿ ಬೆಂಗಳೂರಿನಿಂದ ಊರಿಗೆ ಹೊರಟಿದ್ದೆವು. ಮೈಸೂರಿನವರೆಗೂ ಭಾವ ಕ್ರೂಸ್ ಕಂಟ್ರೋಲ್ ಹಾಕಿಕೊಂಡು ಆರಾಮಾಗಿ ಬಂದಿದ್ದರು. ಹುಣಸೂರು ದಾಟಿದ ಮೇಲೆ ರಸ್ತೆ ಖಾಲಿ ಕಂಡಿತು, ಮತ್ತೆ ಗುಂಡಿ ಒತ್ತಿ 80ಕ್ಕೆ ನಿಲ್ಲಿಸಿದರು. ಸಂಜೆಗತ್ತಲು. ಕಂಪಲಾಪುರ ಇನ್ನೇನು ಬಂತು ಅನ್ನುವಾಗ ಎದುರಿಗೆ ಬೇಲು ತುಂಬಿಕೊಂಡು ಕೆಟ್ಟು ನಿಂತ ಟ್ರ್ಯಾಕ್ಟರ್! ಹಿಂದೆ ಒಂದು ಕೆಂಪು ದೀಪವೂ ಇಲ್ಲ.

"ಭಾವ, ಬ್ರೇಕು!" ಅಂತ ಕೂಗಿದೆ. ಕಾರು ನಿಂತಾಗ ಟ್ರೈಲರಿಗೂ ನಮಗೂ ನಡುವೆ ಒಂದಾಳು ನಿಲ್ಲುವಷ್ಟು ಜಾಗ. ಅಕ್ಕ ಹಿಂದಿನ ಸೀಟಿನಲ್ಲೇ ನಂಜುಂಡೇಶ್ವರನಿಗೆ ಹರಕೆ ಕಟ್ಟಿಕೊಂಡಳು. ಭಾವ ಬೆವರು ಒರೆಸಿಕೊಳ್ಳುತ್ತಾ ಹೇಳಿದ್ದು ಒಂದೇ ಮಾತು, "ಕಾಲು ಎಲ್ಲಿತ್ತು ಅಂತಾನೇ ಗೊತ್ತಾಗ್ಲಿಲ್ಲ ಕಣಯ್ಯ."

ರಾತ್ರಿ ಊಟದ ಹೊತ್ತಿಗೆ ತಾತನಿಗೆ ವಿಷಯ ಗೊತ್ತಾಯಿತು. "ಕೆ.ಆರ್. ನಗರದ ಮಿಲ್ಲಿಗೆ ಭತ್ತ ಹಾಕಿ ನಾನು ಗಾಡೀಲಿ ಮಲಗ್ಕೊಂಡೇ ಬರ್ತಿದ್ದೆ. ನಮ್ಮೆತ್ತಾಗಿದ್ರೆ ದೂರದಲ್ಲೇ ನಿಂತ್ಕೊಂಡಿರೋದು" ಅಂದರು. ಎಲ್ಲರೂ ನಕ್ಕೆವು. ಆಮೇಲೆ ಯೋಚಿಸಿದರೆ, ತಾತ ಹೇಳಿದ್ದರಲ್ಲಿ ಒಂದು ಇತಿಹಾಸವೇ ಇದೆ.

ಹುಣಸೂರಿಗೂ ಎತ್ತಿಗೂ ಇರುವ ನಂಟು ಹಳೆಯದು. ಮೈಸೂರು ಒಡೆಯರ ಕಾಲದ 'ಬೆಣ್ಣೆ ಚಾವಡಿ' ಟಿಪ್ಪುವಿನ ಕಾಲಕ್ಕೆ 'ಅಮೃತ ಮಹಲ್' ಆಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ದನಗಳ ಮೇಲೆ ಇಂಗ್ಲಿಷರ ಕಣ್ಣು ಬಿತ್ತು. 19ನೇ ಶತಮಾನದಲ್ಲಿ ಅಮೃತ ಮಹಲಿನ ಕೇಂದ್ರ ಇದ್ದದ್ದು ಹುಣಸೂರಿನಲ್ಲೇ, ಜೊತೆಗೆ ಚರ್ಮ ಹದ ಮಾಡುವ, ಕಂಬಳಿ ನೇಯುವ, ಗಾಡಿ ಕಟ್ಟುವ ಕಾರ್ಖಾನೆಗಳೂ ಇದ್ದವು. ಈ ಎತ್ತುಗಳ ಬಲದಿಂದಲೇ ಹೈದರಾಲಿ ಚಿದಂಬರದ ಕಡೆಗೆ ನೂರು ಮೈಲಿಯನ್ನು ಎರಡೂವರೆ ದಿನದಲ್ಲಿ ಕ್ರಮಿಸಿದ ಅಂತ ಹಳೆಯ ಗೆಜೆಟಿಯರಿನಲ್ಲಿ ಓದಬಹುದು. ನಮ್ಮ ಕಡೆಯ ಮೊದಲ ಕ್ರೂಸ್ ಕಂಟ್ರೋಲ್ ಎತ್ತು ಅಂದರೆ ತಪ್ಪಾಗಲಾರದು :) ಒಂದೇ ಹದದಲ್ಲಿ ನಡೆಯುತ್ತದೆ, ದಾರಿ ಗೊತ್ತು, ಗುಂಡಿ ಕಂಡರೆ ನಿಲ್ಲುತ್ತದೆ.

ಯಂತ್ರದ ಕಥೆ ಬೇರೆ. ಕಲ್ಲಿನ ಗಿರಣಿಗಳಲ್ಲಿ ಬಳಸುತ್ತಿದ್ದ ಒಂದು ಉಪಾಯವನ್ನು ಜೇಮ್ಸ್ ವಾಟ್ 1788ರಲ್ಲಿ ಉಗಿ ಯಂತ್ರಕ್ಕೆ ಅಳವಡಿಸಿದ. ಅದೇ ಗವರ್ನರ್. ತಿರುಗುವ ಕಂಬಿಗೆ ಎರಡು ಗುಂಡು. ವೇಗ ಹೆಚ್ಚಿದರೆ ಗುಂಡುಗಳು ದೂರ ಸರಿದು ಉಗಿ ಕಡಿಮೆ ಮಾಡುತ್ತವೆ, ವೇಗ ಇಳಿದರೆ ಹತ್ತಿರ ಬಂದು ಹೆಚ್ಚಿಸುತ್ತವೆ. ಹಳ್ಳಿಯ ಮಿಲ್ಲುಗಳಲ್ಲಿ ಡೀಸೆಲ್ ಎಂಜಿನ್ ಓಡುತ್ತಿದ್ದುದನ್ನು ನೋಡಿದವರಿಗೆ ಇದು ಗೊತ್ತು. ಭತ್ತ ಸುರಿದ ಕೂಡಲೇ ಎಂಜಿನ್ ಒಮ್ಮೆ ಮುಗ್ಗರಿಸಿ, ಮತ್ತೆ ತಾನೇ ದಮ್ಮು ಕಟ್ಟಿ ಹಳೆಯ ಲಯಕ್ಕೆ ಬರುತ್ತಿತ್ತು. ಆದರೆ ಆ ಎಂಜಿನ್ ನಿಂತ ಜಾಗದಲ್ಲೇ ಇರುತ್ತಿತ್ತು. ಎದುರಿಗೆ ಯಾರೂ ಬರುತ್ತಿರಲಿಲ್ಲ.

ಅದನ್ನು ರಸ್ತೆಯ ಮೇಲೆ ಓಡುವ ಕಾರಿಗೆ ತಂದವರಲ್ಲಿ ಮುಖ್ಯನಾದವನು ಅಮೆರಿಕದ ಇಂಡಿಯಾನಾದ ರಾಲ್ಫ್ ಟೀಟರ್. ಐದನೇ ವಯಸ್ಸಿನಲ್ಲಿ ಅಪಘಾತವೊಂದರಲ್ಲಿ ದೃಷ್ಟಿ ಕಳೆದುಕೊಂಡ ಎಂಜಿನಿಯರ್! ಅವನ ವಕೀಲ ಕಾರು ಓಡಿಸುವಾಗ ಮಾತಿಗೆ ನಿಂತರೆ ವೇಗ ಇಳಿಯುತ್ತಿತ್ತು, ಮಾತು ನಿಲ್ಲಿಸಿದರೆ ಏರುತ್ತಿತ್ತಂತೆ. ಪಕ್ಕದಲ್ಲಿ ಕೂತ ಟೀಟರನಿಗೆ ಆ ಕುಲುಕಾಟ ಸಾಕಾಗಿ ಹೋಯಿತು. 1950ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ ಈ ಸಾಧನ ಬಂತು. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಗಂಟೆಗೆ 55 ಮೈಲಿಯ ಮಿತಿ ಬಂದಾಗ ಅದು ಇನ್ನೂ ಜನಪ್ರಿಯವಾಯಿತು.

ಗಮನಿಸಿ. ಟೀಟರ್ ಕೊಟ್ಟಿದ್ದು ವೇಗದ ಹದವನ್ನು ಮಾತ್ರ. ನೋಡುವ ಕೆಲಸವನ್ನು ಅವನು ಚಾಲಕನಿಗೇ ಬಿಟ್ಟಿದ್ದ. ನಾವು ಮರೆಯುವುದು ಇದನ್ನೇ.

ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಿದರು. ಕ್ರೂಸ್ ಕಂಟ್ರೋಲ್ ಬೇಡುವುದು ಅಂಥ ರಸ್ತೆಯನ್ನು. ನಮ್ಮ ನಾಲ್ಕು ತಾಲೂಕುಗಳ ದಾರಿ ಹಾಗಲ್ಲ. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಟ್ರ್ಯಾಕ್ಟರು, ಕೆ.ಆರ್. ನಗರದಲ್ಲಿ ಭತ್ತದ ಹುಲ್ಲಿನ ಗಾಡಿ, ಸುಗ್ಗಿಯಲ್ಲಿ ರಸ್ತೆ ಮೇಲೇ ರಾಗಿ, ಹುರುಳಿ ಒಕ್ಕಣೆ. ಎಚ್.ಡಿ. ಕೋಟೆಯಿಂದ ಬಾವಲಿ ಕಡೆಗೆ ಹೋದರೆ ಆನೆ. ಆ ಕಾಡಿನ ದಾರಿಯನ್ನು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವುದೇ ಅದಕ್ಕೆ.

80ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮಡಚಿಟ್ಟ ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಕಾರು ಎಲ್ಲಿರುತ್ತದೆ, ಲೆಕ್ಕ ಹಾಕಿ. ಹಾಗಾಗಿ ಕ್ರೂಸ್ ಹಾಕಿದಾಗಲೂ ಬಲಗಾಲು ಬ್ರೇಕಿನ ಹತ್ತಿರವೇ ಇರಲಿ. ಮಳೆಯಲ್ಲಿ, ತಿರುವಿನಲ್ಲಿ, ಕತ್ತಲಲ್ಲಿ, ನಿದ್ದೆ ಬರುವಾಗ ಬೇಡವೇ ಬೇಡ. ನೀರು ನಿಂತ ರಸ್ತೆಯಲ್ಲಿ ಚಕ್ರ ಜಾರಿದರೆ ಹಳೆಯ ಸಾಧನ ಅದನ್ನು ಅರಿಯದೆ ಎಂಜಿನ್ನಿಗೆ ಇನ್ನೂ ಬಲ ಕೊಡಬಹುದು. 'ರೆಸ್ಯೂಮ್' ಗುಂಡಿ ಒತ್ತುವ ಮುಂಚೆ ಹಿಂದೆ ಎಷ್ಟಕ್ಕೆ ಸೆಟ್ ಮಾಡಿದ್ದಿರಿ ಅಂತ ನೆನಪಿಸಿಕೊಳ್ಳಿ. ಹೆದ್ದಾರಿಯ 100 ಊರೊಳಗೆ ಎದ್ದು ಬಂದರೆ ಕಷ್ಟ.

ಈಗ ಮುಂದಿನ ವಾಹನ ನೋಡಿ ತಾನೇ ನಿಧಾನವಾಗುವ ರೇಡಾರಿನ ಕ್ರೂಸ್ ಬಂದಿದೆಯಲ್ಲ ಅನ್ನಬಹುದು. ನಿಜ, ಯಂತ್ರಕ್ಕೆ ಅರೆಗಣ್ಣು ಬಂದಿದೆ. ಆದರೆ ನಿಂತ ವಾಹನ, ಅಡ್ಡ ಬರುವ ದನ ಅದಕ್ಕೆ ತಿಳಿಯದೇ ಹೋಗಬಹುದು ಅಂತ ಕಾರಿನ ಕೈಪಿಡಿಗಳೇ ಎಚ್ಚರಿಸುತ್ತವೆ.

ಮಾರನೆಯ ದಿನ ವಾಪಸ್ ಹೊರಟಾಗ ಭಾವ ಮೈಸೂರಿನವರೆಗೂ ಆ ಗುಂಡಿ ಮುಟ್ಟಲಿಲ್ಲ. ತಾತ ಬಾಗಿಲಲ್ಲಿ ನಿಂತು ಕೈ ಬೀಸುತ್ತಾ ಹೇಳಿದ್ದರು, "ನೋಡ್ಕೊಂಡು ಹೋಗ್ರಪ್ಪಾ." ದಿನಾ ಕೇಳುವ ಮಾತು. ಅವತ್ತು ಮಾತ್ರ ಸರಿಯಾಗಿ ಕೇಳಿಸಿತು.