ಮುಂಬೈಯಿಂದ ಪವಿತ್ರ ನಾಡಿಗೆ: ವಿಮಾನದ ದೂರ ಮತ್ತು ಪ್ರಯಾಣದ ಸಮಯ

ಪವಿತ್ರ ನಾಡಿನ ಯಾತ್ರೆಗೆ ಹೆಸರು ಕೊಡುವ ಭಕ್ತಾದಿಗಳು, ಅದರಲ್ಲೂ ಹಿರಿಯರು, ಮೊದಲು ಕೇಳುವ ಪ್ರಶ್ನೆ 'ವಿಮಾನದಲ್ಲಿ ಎಷ್ಟು ಗಂಟೆ ಕುಳಿತಿರಬೇಕು?' ಎಂಬುದು. ದೂರವನ್ನು ಮಾತ್ರ ನೋಡಿ ಇದಕ್ಕೆ ಉತ್ತರಿಸಲಾಗದು. ಯಾತ್ರೆ ಏರ್ಪಡಿಸುವ ಧರ್ಮಕೇಂದ್ರಗಳಿಗೆ ಉಪಯೋಗವಾಗಲೆಂದು ಕೆಲವು ಮಾಹಿತಿಗಳನ್ನು ಇಲ್ಲಿ ನೀಡುತ್ತಿದ್ದೇವೆ.

ದೂರ: ಮುಂಬೈಯಿಂದ ಇಸ್ರೇಲಿನ ಟೆಲ್ ಅವೀವ್ ಬಳಿಯ ಬೆನ್ ಗುರಿಯನ್ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 4,050 ಕಿ.ಮೀ. ದೆಹಲಿಯಿಂದಲೂ ಹೆಚ್ಚುಕಡಿಮೆ ಇಷ್ಟೇ. ಮಂಗಳೂರಿನಿಂದ ಹೊರಡುವವರು ಮುಂಬೈವರೆಗಿನ ಸುಮಾರು 715 ಕಿ.ಮೀ. ಸೇರಿಸಿಕೊಳ್ಳಬೇಕು.

ಸಮಯ: ನೇರವಾಗಿ ಹಾರಿದರೆ ಐದು ಗಂಟೆಯ ಆಸುಪಾಸಿನಲ್ಲಿ ಮುಗಿಯುವ ದಾರಿ ಇದು. ಆದರೆ ನಡುವೆ ಸೌದಿ ಅರೇಬಿಯ ಇದೆ. ಬಹುಕಾಲ ಇಸ್ರೇಲಿಗೆ ಹೋಗುವ ವಿಮಾನಗಳಿಗೆ ಅದರ ಆಕಾಶ ಮುಚ್ಚಿತ್ತು. ಇಸ್ರೇಲಿನ ಎಲ್ ಅಲ್ ಸಂಸ್ಥೆಯ ಮುಂಬೈ ವಿಮಾನಗಳು ಕೆಂಪು ಸಮುದ್ರದ ಮೇಲೆ ದಕ್ಷಿಣಕ್ಕೆ ಸಾಗಿ, ಇಥಿಯೋಪಿಯದ ಕಡೆಯಿಂದ ಸುತ್ತಿ ಬರುತ್ತಿದ್ದವು. ಇದರಿಂದ ಸುಮಾರು ಎರಡು ಗಂಟೆ ಹೆಚ್ಚು ಹಿಡಿಯುತ್ತಿತ್ತು.

2018ರ ಮಾರ್ಚ್ 22ರಂದು ಏರ್ ಇಂಡಿಯಾದ ದೆಹಲಿ ವಿಮಾನ ಮೊದಲ ಬಾರಿಗೆ ಒಮಾನ್, ಸೌದಿ ಅರೇಬಿಯ ಮತ್ತು ಜೋರ್ಡನ್ ಮೇಲೆ ಹಾರಿ ಸುಮಾರು ಏಳೂವರೆ ಗಂಟೆಯಲ್ಲಿ ಟೆಲ್ ಅವೀವ್ ತಲುಪಿತು. 2022ರ ಜುಲೈಯಲ್ಲಿ ಸೌದಿ ಅರೇಬಿಯ ತನ್ನ ಆಕಾಶವನ್ನು ಎಲ್ಲ ವಿಮಾನ ಸಂಸ್ಥೆಗಳಿಗೂ ತೆರೆಯಿತು. ಆದರೆ 2023ರ ಅಕ್ಟೋಬರಿನಲ್ಲಿ ಯುದ್ಧ ಆರಂಭವಾದ ಬಳಿಕ ಹಲವು ಸಂಸ್ಥೆಗಳ ಹಾರಾಟ ಮತ್ತೆ ಮತ್ತೆ ನಿಂತಿತು. 2025ರ ಜೂನ್‌ನಲ್ಲಿ ಇಸ್ರೇಲ್, ಇರಾನ್, ಇರಾಕ್ ಮತ್ತು ಜೋರ್ಡನ್ ಕೆಲಕಾಲ ತಮ್ಮ ಆಕಾಶವನ್ನೇ ಮುಚ್ಚಿದ್ದವು. ದೂರ ಬದಲಾಗುವುದಿಲ್ಲ, ದಾರಿ ಬದಲಾಗುತ್ತದೆ, ಅದರೊಂದಿಗೆ ಸಮಯವೂ.

ಗಾಳಿ ಮತ್ತು ಗಡಿಯಾರ: ಚಳಿಗಾಲದಲ್ಲಿ ಮೇಲ್ಮಟ್ಟದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾಗಿ ಬೀಸುವುದರಿಂದ ಹೋಗುವಾಗ ಹೆಚ್ಚು ಹೊತ್ತು, ಬರುವಾಗ ಕಡಿಮೆ. ಇಸ್ರೇಲಿನ ಗಡಿಯಾರ ನಮ್ಮದಕ್ಕಿಂತ ಚಳಿಗಾಲದಲ್ಲಿ ಮೂರೂವರೆ ಗಂಟೆ, ಬೇಸಿಗೆಯಲ್ಲಿ ಎರಡೂವರೆ ಗಂಟೆ ಹಿಂದಿರುತ್ತದೆ. ಚಳಿಗಾಲದಲ್ಲಿ ಬೆಳಿಗ್ಗೆ 6ಕ್ಕೆ ಹೊರಟು ಏಳು ಗಂಟೆ ಹಾರಿದರೆ, ಇಳಿಯುವಾಗ ಅಲ್ಲಿ ಬೆಳಿಗ್ಗೆ 9.30. ಮಾತ್ರೆ ತೆಗೆದುಕೊಳ್ಳುವ ಹಿರಿಯರು ಇದನ್ನು ಗಮನಿಸಬೇಕು.

ಆದ್ದರಿಂದ ಆಯೋಜಕರು ಟಿಕೇಟಿಗೆ ಮುಂಗಡ ಕೊಡುವ ಮೊದಲು ವಿಮಾನ ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿ ಬದಲಿಸಬೇಕು, ಹಾರಾಟ ರದ್ದಾದರೆ ಹಣ ವಾಪಸ್ಸು ಬರುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಲಿ. ಇಳಿದ ದಿನವೇ ದೂರದ ಕ್ಷೇತ್ರದ ಭೇಟಿ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಬೆನ್ ಗುರಿಯನ್ ನಿಲ್ದಾಣ ಇರುವುದು ಲೋದ್ ಪಟ್ಟಣದ ಪಕ್ಕದಲ್ಲಿ. ಇದೇ ಬೈಬಲಿನ ಲುದ್ದ. ಎಂಟು ವರ್ಷ ಹಾಸಿಗೆ ಹಿಡಿದಿದ್ದ ಐನೇಯನನ್ನು ಸಂತ ಪೇತ್ರರು ಯೇಸುಸ್ವಾಮಿಯ ಹೆಸರಿನಲ್ಲಿ ಗುಣಪಡಿಸಿದ ಊರು. ವಿಮಾನದಿಂದ ಇಳಿದ ಕ್ಷಣವೇ ಯಾತ್ರೆ ಆರಂಭವಾಗಿರುತ್ತದೆ.