ಹೊಳೆಯಾಚೆ ಬಿಟ್ಟ ಮರಿಗಳು

ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕು ಎಂಬ ಹೆದರಿಕೆ ನಮ್ಮ ಮಲೆನಾಡಿನ ಮನೆಗಳಲ್ಲಿ ತಲೆಮಾರುಗಳಿಂದ ಇದೆ. ಅದರಿಂದ ಬೆಕ್ಕುಗಳು ಬದುಕಿಕೊಂಡವು, ನಿಜ. ಅದೇ ಹೆದರಿಕೆ ಇನ್ನೊಂದು ಪದ್ಧತಿಯನ್ನೂ ಹುಟ್ಟುಹಾಕಿತು. ಕೊಲ್ಲುವ ಹಾಗಿಲ್ಲ, ಸಾಕುವ ಮನಸ್ಸಿಲ್ಲ. ಗೋಣಿಚೀಲದಲ್ಲಿ ಹಾಕಿ ಹೊಳೆಯಾಚೆ ಬಿಟ್ಟು ಬಾ. ಕಣ್ಣು ಬಿಡದ ಮರಿ ಅಲ್ಲಿ ಸತ್ತರೆ ಪಾಪ ಯಾರ ತಲೆಗೂ ಸುತ್ತಿಕೊಳ್ಳುವುದಿಲ್ಲವಂತೆ. ಈ ಲೆಕ್ಕಾಚಾರ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ.

ಭತ್ತದ ಕಣಜ ಇದ್ದ ಮನೆ ಬೆಕ್ಕಿಲ್ಲದೆ ನಡೆದದ್ದಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಮುಂದಿನ ವರ್ಷಗಳಲ್ಲಿ ಬುಕ್ಯಾನನ್ ಎಂಬ ಸರ್ಕಾರಿ ವೈದ್ಯಾಧಿಕಾರಿ ಬೆಕ್ಕು ಹೆಚ್ಚಿರುವ ಊರಲ್ಲಿ ಪ್ಲೇಗ್ ಕಡಿಮೆ, ಆದ್ದರಿಂದ ಬೆಕ್ಕು ಸಾಕಿ ಎಂದು ವಾದಿಸಿದರು. ಇಲಿ ಹಿಡಿಯುವ ಬೆಕ್ಕು ಎಲ್ಲರಿಗೂ ಬೇಕು. ಅದು ಅಟ್ಟದ ಮೇಲೆ ಹಾಕಿದ ಮರಿಗಳು ಬೇಡ.

ಶ್ರೀವೈಷ್ಣವರಲ್ಲಿ ತೆಂಕಲೆಯವರದು ಮಾರ್ಜಾಲ ಕಿಶೋರ ನ್ಯಾಯ. ಮರಿ ಏನೂ ಮಾಡಬೇಕಿಲ್ಲ, ತಾಯಿಬೆಕ್ಕೇ ಕಚ್ಚಿಕೊಂಡು ಒಯ್ಯುತ್ತದೆ. ಭಗವಂತನ ಕೃಪೆಯೂ ಹಾಗೇ. ತಾಯಿಯನ್ನು ತಾನೇ ಅಪ್ಪಿ ಹಿಡಿಯುವ ಕೋತಿಮರಿಯನ್ನು ವಡಕಲೆಯವರು ಎದುರಿಗಿಟ್ಟರು. ಇಷ್ಟೆಲ್ಲ ವಾದ ಮಾಡಿದ ಪಂಡಿತರ ನಡುವೆ, ತಾಯಿ ಬಾರದೇ ಹೋದ ಮರಿಯ ಗತಿ ಏನೆಂಬ ಚರ್ಚೆ ನನ್ನ ಕಿವಿಗಂತೂ ಬಿದ್ದಿಲ್ಲ. ಅದನ್ನು ನೋಡಿಕೊಂಡವರು ಬಚ್ಚಲೊಲೆಯ ಮುಂದೆ ಕೂತ ಹೆಂಗಸರು.

ನಮ್ಮಜ್ಜಿ ಸಿಕ್ಕ ಮರಿಗೆ ಮೊದಲು ಹಾಲು ಕೊಡುತ್ತಿರಲಿಲ್ಲ, ಕಾವು ಕೊಡುತ್ತಿದ್ದಳು. ಹಳೇ ಸೀರೆ ಹಾಸಿದ ಬುಟ್ಟಿ ಬಚ್ಚಲೊಲೆಯ ಪಕ್ಕ ಬರುತ್ತಿತ್ತು. ಮೈ ಬೆಚ್ಚಗಾದ ಮೇಲೇ ಹತ್ತಿಯ ಬತ್ತಿ ಹಾಲಿಗೆ ಅದ್ದಿ ಬಾಯಿಗೆ ಹಿಡಿಯುವುದು. ಒಳಲೆ ಮನುಷ್ಯರ ಕೂಸಿನದು, ಅದನ್ನು ಮುಟ್ಟಿದರೆ ಬೈಗುಳ. ನಮ್ಮ ಕಾಲಕ್ಕೆ ಇಂಕ್ ಫಿಲ್ಲರ್ ಬಂದು ಕೆಲಸ ಸಲೀಸಾಯಿತು. ಕುಡಿಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಬಾಲದ ಬುಡ ಒರೆಸಬೇಕು. ತಾಯಿ ನೆಕ್ಕದಿದ್ದರೆ ಎಳೆಮರಿಗೆ ಉಚ್ಚೆ ಹೊಯ್ಯಲೂ ಬಾರದು. ಇವತ್ತಿನ ಪಶುವೈದ್ಯರು ಹೇಳುವುದೂ ಇದನ್ನೇ: ಮೊದಲ ವಾರಗಳಲ್ಲಿ ಮರಿ ತನ್ನ ಮೈಕಾವನ್ನು ತಾನು ಉಳಿಸಿಕೊಳ್ಳಲಾರದು, ಮೈ ತಣ್ಣಗಿದ್ದರೆ ಹಾಲು ಅರಗದು. ಅಜ್ಜಿಗೆ ತಿಳಿಯದೇ ಇದ್ದದ್ದು ಹಾಲಿನ ಗುಣ. ಬೆಕ್ಕಿನ ಹಾಲಿಗೆ ಹೋಲಿಸಿದರೆ ದನದ ಹಾಲಿನಲ್ಲಿ ಪ್ರೋಟೀನ್, ಕೊಬ್ಬು ಕಡಿಮೆ, ಲ್ಯಾಕ್ಟೋಸ್ ಹೆಚ್ಚು. ಭೇದಿ ಹತ್ತಿ ಎಷ್ಟೋ ಮರಿಗಳು ಹೋದವು. ಬೆಕ್ಕಿಗೆ ಹಾಲೂಡಿಸಲೆಂದು ರಾಜ ಹಸು ಕೊಟ್ಟ ತೆನಾಲಿ ರಾಮಕೃಷ್ಣನ ಕಥೆ ಕೇಳಿ ಬೆಳೆದವರಿಗೆ ದನದ ಹಾಲಿನ ಮೇಲೆ ಅನುಮಾನ ಬರುವುದಾದರೂ ಹೇಗೆ!

ಸತ್ತ ಮರಿಗೆ ನಮ್ಮಲ್ಲಿ ಸೂತಕವಿಲ್ಲ. ಈಜಿಪ್ಟಿನಲ್ಲಿ ಮನೆಬೆಕ್ಕು ಸತ್ತರೆ ಮನೆಯವರೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರೆಂದು ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಹರಕೆಗೆಂದು ಎಳೆಬೆಕ್ಕುಗಳ ಕತ್ತು ಮುರಿದು ಮಮ್ಮಿ ಮಾಡಿದ್ದೂ ಅದೇ ದೇಶ. 1890ರಲ್ಲಿ ಅಂಥ ಮಮ್ಮಿಗಳು ಟನ್ನುಗಟ್ಟಲೆ ಲಿವರ್‌ಪೂಲಿಗೆ ಹೋಗಿ ಗೊಬ್ಬರವಾಗಿ ಹರಾಜಾದವು. ನಮ್ಮಲ್ಲಿ ದುಃಖಕ್ಕೆ ಇದ್ದದ್ದು ಒಂದೇ ಮಾತು, “ಋಣ ಇಷ್ಟೇ ಇತ್ತು ಮಗಾ.” ಅಜ್ಜಿ ಅಷ್ಟು ಹೇಳಿ, ತೆಂಗಿನ ಬುಡದಲ್ಲಿ ಗುಂಡಿ ತೋಡಿಸಿ, ಉಳಿದ ಮರಿಗೆ ಹಾಲು ಬಿಸಿಮಾಡಲು ಒಳಗೆ ಹೋಗುತ್ತಿದ್ದಳು. ಉಳಿದದ್ದನ್ನು ನೋಡಿಕೊಳ್ಳುವ ಆ ಕೆಲಸ ಅವಳನ್ನು ಸಂಭಾಳಿಸುತ್ತಿತ್ತು ಎಂದು ಈಗ ಅನಿಸುತ್ತದೆ. ಋಣದ ಸಮಾಧಾನ ಮಾತ್ರ ನನಗೆ ಸಾಲದು. ಅದರಲ್ಲಿ ಚೀಲದ ಬಾಯಿ ಕಟ್ಟಿದವರ ಹೆಸರೇ ಬರುವುದಿಲ್ಲ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ, ಹಸಿವು ನೀರಡಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಬಿಡುವುದು ಅಪರಾಧ. ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಈಗ ಪೇಟೆಯಲ್ಲಿ ಸಿಗುತ್ತದೆ. ತಾಯಿಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಇದೆ. ಚೀಲ ಹುಡುಕುವ ಮೊದಲು ಪಶುವೈದ್ಯರನ್ನೊಮ್ಮೆ ಕೇಳಿ.