ಕಾಡಿನ ಗಡಿ, ಕಾಲುವೆಯ ದಾರಿ: ನಂಜನಗೂಡು–ತಿ. ನರಸೀಪುರ ಸೀಮೆಯ ವನ್ಯಜೀವಿ ಸಂರಕ್ಷಣೆಯ ಚರಿತ್ರೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಮೈಸೂರು ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳು. ಕಪಿಲೆ (ಕಬಿನಿ) ಎರಡನ್ನೂ ಹಾದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ವನ್ಯಜೀವಿ ಸಂರಕ್ಷಣೆಯ ಕಡತಗಳಲ್ಲಿ ಮಾತ್ರ ಇವು ದೂರ ದೂರ. ನಂಜನಗೂಡಿನ ದಕ್ಷಿಣದಂಚು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ, ತಿ. ನರಸೀಪುರ ಭತ್ತ, ಕಬ್ಬಿನ ಬಯಲು. ಹಾಗಾಗಿ ಮೊದಲನೆಯದರ ವನ್ಯಜೀವಿ ಚರಿತ್ರೆ ಬಂಡೀಪುರದ ಅಡಿಟಿಪ್ಪಣಿಯಾಗಿ ಉಳಿದಿದೆ, ಎರಡನೆಯದಕ್ಕೆ ಅಂಥ ಚರಿತ್ರೆಯೇ ಇಲ್ಲವೆಂಬ ಭಾವನೆ ಬೇರೂರಿದೆ. ಈ ಸೀಮೆಯಲ್ಲಿ ಪ್ರಾಣಿಗಳ ನೆಲೆಯನ್ನು ಅರಣ್ಯ ಕಾನೂನಿನಷ್ಟೇ ನೀರಾವರಿಯೂ ರೂಪಿಸಿತು, ಆದ್ದರಿಂದ ಎರಡೂ ತಾಲ್ಲೂಕುಗಳನ್ನು ಒಟ್ಟಿಗೆ ಓದಬೇಕು ಎಂಬುದು ಈ ಲೇಖನದ ವಾದ.

ಬೇಟೆಯ ಕಾಡಿನಿಂದ ಹುಲಿ ಯೋಜನೆಗೆ

ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಆರಂಭವಾದದ್ದು 1864ರಲ್ಲಿ. ಆಗಿನ ಕಾಳಜಿ ಮುಖ್ಯವಾಗಿ ಮರಮುಟ್ಟಿನದು. ಹುಲಿಯನ್ನು ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿದ್ದ ಕಾಲ ಅದು. ಆನೆಯ ಬೆಲೆ ಬೇರೆ: 1870ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಹಿಂಡುಹಿಂಡಾಗಿ ಆನೆ ಹಿಡಿಸಿದ. 1901ರಲ್ಲಿ ಬಂದ ಬೇಟೆ ಮತ್ತು ಮೀನುಗಾರಿಕೆ ಸಂರಕ್ಷಣಾ ಕಾಯಿದೆಯ ನೋಟವೂ ಬೇಟೆಗಾರನದೇ. ಬೇಟೆಯನ್ನು ನಿಲ್ಲಿಸುವುದಲ್ಲ, ಅದನ್ನು ನಿಯಮಕ್ಕೆ ಒಳಪಡಿಸುವುದು ಅದರ ಗುರಿ.

1931ರಲ್ಲಿ ಬಂಡೀಪುರದ ಸುಮಾರು 90 ಚದರ ಕಿ.ಮೀ. ಕಾಡು ಅಭಯಾರಣ್ಯವಾಯಿತು. 1941ರಲ್ಲಿ ಅದನ್ನು ಸುಮಾರು 800 ಚದರ ಕಿ.ಮೀ.ಗೆ ಹಿಗ್ಗಿಸಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂದು ಕರೆದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮರುವರ್ಷ ಹುಲಿ ಯೋಜನೆ ಆರಂಭವಾದಾಗ ದೇಶದ ಮೊದಲ ಒಂಬತ್ತು ಹುಲಿ ತಾಣಗಳಲ್ಲಿ ಬಂಡೀಪುರವೂ ಒಂದು. 1986ರಲ್ಲಿ ಇದು ದೇಶದ ಮೊದಲ ಜೀವಗೋಳ ಮೀಸಲು ಪ್ರದೇಶವಾದ ನೀಲಗಿರಿಯ ಭಾಗವಾಯಿತು. ಅರಸರ ಬೇಟೆಯ ಕಾಡು ನಾಲ್ಕೇ ದಶಕಗಳಲ್ಲಿ ರಾಷ್ಟ್ರದ ಹೊಣೆಯಾದ ಬಗೆ ಇದು.

1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದಾಗ ಬಂಡೀಪುರದ ಬಹುಪಾಲು ಗುಂಡ್ಲುಪೇಟೆ ತಾಲ್ಲೂಕಿನ ಜೊತೆ ಅತ್ತ ಹೋಯಿತು. ಹೆಡಿಯಾಲ, ಓಂಕಾರ ವಲಯಗಳ ಕಾಡಂಚಿನ ಊರುಗಳು ನಂಜನಗೂಡಿನಲ್ಲೇ ಉಳಿದವು. ಪ್ರವಾಸಿಗರ ಸಫಾರಿ ಒಂದು ಜಿಲ್ಲೆಯ ಹೆಸರಿಗೆ ಸೇರಿದರೆ, ಬೆಳೆಹಾನಿಯ ಅರ್ಜಿಗಳಲ್ಲಿ ಒಂದು ಪಾಲು ಇನ್ನೊಂದು ಜಿಲ್ಲೆಯ ಕಚೇರಿಗೆ ಬಂತು.

ಮುಳುಗಿದ ಕಾಡು, ಹಸಿರಾದ ಬಯಲು

ಹುಲಿ ಯೋಜನೆಯ ದಶಕವೇ ಅಣೆಕಟ್ಟುಗಳ ದಶಕವೂ ಆಗಿತ್ತು. 1974ರಲ್ಲಿ ನುಗು ಜಲಾಶಯದ ಸುತ್ತಲಿನ ಸುಮಾರು 30 ಚದರ ಕಿ.ಮೀ. ಪ್ರದೇಶ ವನ್ಯಜೀವಿಧಾಮವಾಯಿತು. ಅದೇ ವರ್ಷ ಕಬಿನಿ ಅಣೆಕಟ್ಟು ಪೂರ್ಣಗೊಂಡು ಕಾಕನಕೋಟೆ ಕಡೆಯ ಕಾಡು, ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದ ಬಯಲಿನ ಎಳೆ ಹುಲ್ಲಿಗೆ ಈಗ ಆನೆಗಳು ನೂರಾರು ಸಂಖ್ಯೆಯಲ್ಲಿ ನೆರೆಯುತ್ತವೆ. ಕಾಡು ಕಳೆದ ಅಣೆಕಟ್ಟೇ ಆನೆಗಳಿಗೆ ಹೊಸ ಮೇವಿನ ತಾಣ ಮಾಡಿಕೊಟ್ಟಿತು.

ಈ ನೀರು ಕೆಳಗೆ ಹರಿದು ಮಾಡಿದ ಬದಲಾವಣೆಯತ್ತ ಸಂರಕ್ಷಣೆಯ ಚರಿತ್ರಕಾರರ ಕಣ್ಣು ಹರಿದದ್ದು ಕಡಿಮೆ. ಕಬಿನಿ ಬಲದಂಡೆ ನಾಲೆ, ಕಾವೇರಿಯ ವರುಣಾ ನಾಲೆಗಳಿಂದ ಎರಡೂ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ಭತ್ತ, ಕಬ್ಬು ಬಂದವು. ಆಳೆತ್ತರ ಬೆಳೆದು ತಿಂಗಳುಗಟ್ಟಲೆ ನಿಲ್ಲುವ ಕಬ್ಬು ಚಿರತೆಗೆ ಮರೆ. ಊರಿನ ನಾಯಿ, ಕುರಿ, ಮೇಕೆ, ಹಂದಿಗಳು ಆಹಾರ. ಕಟಾವಿನ ವೇಳೆ ಗದ್ದೆಯಲ್ಲಿ ಚಿರತೆಮರಿ ಸಿಗುವುದು ಈ ಭಾಗದಲ್ಲಿ ಪದೇಪದೇ ಕೇಳುವ ಸುದ್ದಿ. ಕಾಡಿನಿಂದ ದಾರಿ ತಪ್ಪಿ ಬಂದ ಪ್ರಾಣಿ ಎಂಬ ಮಾತು ಗದ್ದೆಯಲ್ಲೇ ಹುಟ್ಟಿ ಬೆಳೆದ ಚಿರತೆಗೆ ಹೊಂದುವುದಿಲ್ಲ. ಮಹಾರಾಷ್ಟ್ರದ ಅಕೋಲೆ ಬಯಲಿನಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ 100 ಚದರ ಕಿ.ಮೀ.ಗೆ ಸುಮಾರು ಐದು ವಯಸ್ಕ ಚಿರತೆಗಳಿರುವುದನ್ನು ತೋರಿಸಿತ್ತು. ಅದೂ ಕಬ್ಬಿನ ಸೀಮೆಯೇ.

ತಿ. ನರಸೀಪುರದಲ್ಲಿ ಈ ಬದಲಾವಣೆಗೆ ಘೋರ ಬೆಲೆ ತೆರಬೇಕಾಯಿತು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ತಾಲ್ಲೂಕಿನಲ್ಲಿ ನಾಲ್ವರು ಚಿರತೆ ದಾಳಿಗೆ ಬಲಿಯಾದರು. ಅವರಲ್ಲಿ ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಒಬ್ಬ ಬಾಲಕ. ಇದಾದ ಮೇಲೆ ಮೈಸೂರಿನಲ್ಲಿ ಚಿರತೆ ಕಾರ್ಯಪಡೆ ರಚನೆಯಾಯಿತು. ಅದೇ 2023ರ ನವೆಂಬರಿನಲ್ಲಿ ನಂಜನಗೂಡಿನ ಬಳ್ಳೂರುಹುಂಡಿಯಲ್ಲಿ ದನ ಮೇಯಿಸುತ್ತಿದ್ದ ಮಹಿಳೆಯೊಬ್ಬರು ಹುಲಿಗೆ ಬಲಿಯಾದರು. ಕೆಲವೇ ದಿನಗಳಲ್ಲಿ ಹುಲಿ ಸೆರೆಯಾಯಿತು. ಎರಡೂ ಕಡೆ ಜನರ ಬೇಡಿಕೆ ಒಂದೇ: ಬೋನು ಇಡಿ, ಹಿಡಿದು ಒಯ್ಯಿರಿ. ಆದರೆ ಕಾಡಂಚಿಗೆ ಉತ್ತರವೆಂದು ಕೊಟ್ಟ ಆನೆಕಂದಕ, ಸೋಲಾರ್ ಬೇಲಿ, ರೈಲ್ವೆ ಹಳಿಯ ತಡೆಗೋಡೆಗಳು ಬಯಲಿಗೆ ಉಪಯೋಗಕ್ಕೆ ಬಾರವು. ಬೇಲಿ ಹಾಕಲು ಅಲ್ಲಿ ಕಾಡಿನ ಗಡಿಯೇ ಇಲ್ಲ. ಹಿಡಿದ ಚಿರತೆಯನ್ನು ದೂರದ ಕಾಡಿಗೆ ಬಿಡುವುದನ್ನೂ ಕೇಂದ್ರ ಪರಿಸರ ಸಚಿವಾಲಯದ 2011ರ ಮಾರ್ಗಸೂಚಿ ಪ್ರೋತ್ಸಾಹಿಸುವುದಿಲ್ಲ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಹಾಗೆ ಮಾಡಿದ ಬಳಿಕ ಜನರ ಮೇಲಿನ ದಾಳಿ ಹೆಚ್ಚಿದ ಅನುಭವ ಅದರ ಹಿಂದಿದೆ.

ಘೋಷಣೆಯಿಲ್ಲದ ನೆಲೆಗಳು

ಗಡಿಯ ಹೊರಗಿನ ಚರಿತ್ರೆಯೆಲ್ಲ ಸಂಘರ್ಷದ್ದಲ್ಲ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಇವು ಮಂಗೋಲಿಯಾ, ಟಿಬೆಟ್‌ಗಳ ಎತ್ತರದ ಜವುಗಿನಲ್ಲಿ ಮರಿಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿಗಳು. ಹಗಲು ಕೆರೆಯಲ್ಲಿ ತಂಗಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗದ್ದೆಗಳಲ್ಲಿ ಮೇಯುತ್ತವೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿಗೆ ದೊರೆತ ಕಾವಲು ಈ ಕೆರೆಗಿಲ್ಲ. ಇಲ್ಲಿ ಹಕ್ಕಿಯ ಉಳಿವು ಕೆರೆಗೆ ಎಷ್ಟು ನೀರು ಬಿಟ್ಟರು, ಅಚ್ಚುಕಟ್ಟಿನಲ್ಲಿ ಯಾವ ಬೆಳೆ ಇಟ್ಟರು, ಮೀನು ಹಿಡಿಯುವ ಗುತ್ತಿಗೆ ಹೇಗೆ ನಡೆಯಿತು ಎಂಬುದರ ಮೇಲೆ ನಿಂತಿದೆ. ಇವು ಅರಣ್ಯ ಇಲಾಖೆಯ ಹಿಡಿತದ ಸಂಗತಿಗಳಲ್ಲ.

ಸಮಾರೋಪ

ಈ ಸೀಮೆಯ ಸಂರಕ್ಷಣೆಯಲ್ಲಿ ಎರಡು ಧಾರೆಗಳಿವೆ. 1931ರಿಂದ 1986ರವರೆಗಿನ ಅಧಿಸೂಚನೆಗಳ ಧಾರೆ ಪ್ರಾಣಿಗಳಿಗೆ ಜಾಗ ಗುರುತಿಸಿತು. ಅದರ ಫಲ ಕಣ್ಣಮುಂದಿದೆ: 2022ರ ಗಣತಿಯಲ್ಲಿ ರಾಜ್ಯದ ಹುಲಿಗಳ ಅಂದಾಜು 563. ನಾಲೆ, ಕೆರೆ, ಕಬ್ಬಿನ ಧಾರೆ ಯಾರೂ ಗುರುತಿಸದ ಜಾಗಗಳನ್ನು ಪ್ರಾಣಿಗಳಿಗೆ ತೆರೆಯಿತು. ಅದರ ಲೆಕ್ಕವನ್ನು ಯಾವ ಇಲಾಖೆಯೂ ಇಡಲಿಲ್ಲ. ಇಂದು ತಿ. ನರಸೀಪುರದ ರೈತ ಕೇಳುತ್ತಿರುವುದು ಆ ಲೆಕ್ಕವನ್ನೇ. ನಾಲೆಯ ಯೋಜನೆ, ಬೆಳೆಯ ಆಯ್ಕೆ, ಕೊಟ್ಟಿಗೆಯ ಭದ್ರತೆ, ಊರಿನ ಕಸದ ವಿಲೇವಾರಿಗಳೂ ವನ್ಯಜೀವಿ ಆಡಳಿತದ ವಿಷಯಗಳೆಂದು ಒಪ್ಪದೆ, ಬೋನುಗಳ ಸಂಖ್ಯೆ ಹೆಚ್ಚಿಸಿ ಆತನಿಗೆ ಉತ್ತರ ಕೊಡಲಾಗದು.